ಮೂರನೆಯ ಖೋಲಿಯ ಸ್ಲ್ಯಾಬ್

ನಮ್ಮ ಮನೆಯ ಮೂರನೆಯ ಖೋಲಿಯ ಗೋಡೆ ಕಿಟಕಿಯ ಮಟ್ಟ ದಾಟುವ ಹೊತ್ತಿಗೆ ದೆಹಲಿಯಲ್ಲಿ ಹೊಸ ಸರ್ಕಾರ ಬಂದಿತ್ತು. ನಾಗಪುರದಲ್ಲಿ ಆಗ ಚಳಿ. ಪ್ರತಾಪನಗರದಾಚೆ ಅಪ್ಪ ಕೊಂಡಿದ್ದ ಜಾಗಕ್ಕೆ ಭಾನುವಾರ ಬೆಳಿಗ್ಗೆ ಹೋದರೆ ಇಟ್ಟಿಗೆಗಳು ಇಬ್ಬನಿಗೆ ಒದ್ದೆಯಾಗಿರುತ್ತಿದ್ದವು. ಸುತ್ತ ಇನ್ನೂ ಹೊಲ.

ಅಪ್ಪ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಸೂಪರಿಂಟೆಂಡೆಂಟ್. ಧಾರವಾಡದ ಕಡೆಯಿಂದ ನೌಕರಿಗೆಂದು ಬಂದವರು, ನಾನು ಹುಟ್ಟುವ ಮೊದಲಿನಿಂದಲೂ ಸರ್ಕಾರಿ ಕ್ವಾರ್ಟರ್ಸಿನಲ್ಲೇ ಇದ್ದರು. ನಿವೃತ್ತಿ ಹತ್ತಿರ ಬಂದಿತ್ತು, ಕ್ವಾರ್ಟರ್ಸ್ ಬಿಡಬೇಕಾಗಿತ್ತು. ಮನೆ ಕಟ್ಟಲು ಕಚೇರಿಯಿಂದ ಸಿಕ್ಕ ಮುಂಗಡ ಎರಡು ಖೋಲಿಗೆ ಮತ್ತು ಅಡಿಗೆಮನೆಗೆ ಸಾಕಾಗುತ್ತಿತ್ತು. ಮೂರನೆಯ ಖೋಲಿ ಅಪ್ಪನ ಸ್ವಂತ ವಿಚಾರ. ಅದು ನನಗಾಗಿ.

ಹಾಗೆಂದು ಅವರು ಬಾಯಿಬಿಟ್ಟು ಹೇಳಿರಲಿಲ್ಲ. ನಕಾಶೆಯಲ್ಲಿ ‘ಓದುವ ಕೋಣೆ’ ಎಂದು ಬರೆಸಿದ್ದರು. ಮನೆಯಲ್ಲಿ ಓದುವವಳು ನಾನೊಬ್ಬಳೇ.

ನಾನು ಅರ್ಥಶಾಸ್ತ್ರದಲ್ಲಿ ಎಂ.ಎ. ಮುಗಿಸಿ, ಲೆಕ್ಕಪತ್ರ ತಪಾಸಣೆಯ ಹುದ್ದೆಯೊಂದಕ್ಕೆ ಪರೀಕ್ಷೆ ಬರೆದು ಆಯ್ಕೆಯಾಗಿದ್ದೆ. ನೇಮಕದ ಆರ್ಡರ್ ಬರುವುದು ಬಾಕಿ. ಅದನ್ನು ನಂಬಿಯೇ ಅಪ್ಪ ಆಫೀಸಿನ ಸೊಸೈಟಿಯಲ್ಲಿ ಎರಡನೆಯ ಸಾಲಕ್ಕೆ ಅರ್ಜಿ ಹಾಕಿದ್ದರು. ಅವರ ಪಗಾರದಿಂದ ಕಂತು ಹೋದರೆ ಮನೆಯ ಖರ್ಚಿಗೆ ನನ್ನ ಪಗಾರ. ಇದನ್ನೂ ಯಾರೂ ಆಡಿ ತೋರಿಸಲಿಲ್ಲ. ಮಗಳ ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯುವುದು ಅಪ್ಪನಿಗೆ ನಾಚಿಕೆಯ ವಿಷಯ.

ಅಷ್ಟರಲ್ಲಿ ಪತ್ರಿಕೆಗಳ ತುಂಬ ಹೊಸ ಸರ್ಕಾರದ ಹೊಸ ನೀತಿ. ಕಂಪ್ಯೂಟರ್ ಬರುತ್ತದೆ, ತೆರಿಗೆ ಇಳಿಯುತ್ತದೆ, ಸರ್ಕಾರದ ಖರ್ಚಿಗೆ ಕಡಿವಾಣ ಬೀಳುತ್ತದೆ. ಖಾಲಿ ಹುದ್ದೆಗಳನ್ನು ತುಂಬುವುದಿಲ್ಲ ಎಂದು ಒಬ್ಬರು ಬರೆದರೆ, ಉದ್ಯಮಗಳು ಬೆಳೆದು ಕೆಲಸ ಹೆಚ್ಚುತ್ತದೆ ಎಂದು ಇನ್ನೊಬ್ಬರು ಬರೆಯುತ್ತಿದ್ದರು. ಅಪ್ಪ ಎರಡನ್ನೂ ಓದಿ, ಪೇಪರನ್ನು ಮಡಿಸಿದ ಗೆರೆಯಲ್ಲೇ ಮತ್ತೆ ಮಡಿಸಿ ಇಡುತ್ತಿದ್ದರು.

ಬಜೆಟ್ಟಿನ ಸಂಜೆ ನಮ್ಮ ಕ್ವಾರ್ಟರ್ಸಿನಲ್ಲಿ ಒಂದು ರೂಢಿಯಿತ್ತು. ಯಾರ ಮನೆಯ ರೇಡಿಯೋ ಸ್ವಚ್ಛವಾಗಿ ಕೇಳುತ್ತದೋ ಅಲ್ಲಿ ಎಲ್ಲರೂ ಸೇರುವುದು. ಆ ವರ್ಷ ನಮ್ಮ ಮನೆ. ಅವ್ವ ಹಿಂದಿನ ದಿನವೇ ಸೋಪು, ಕಡ್ಡಿಪೆಟ್ಟಿಗೆ, ಚಹಾಪುಡಿಗಳನ್ನು ತಂದು ಪೇರಿಸಿದ್ದಳು. ಮರುದಿನ ಯಾವುದು ತುಟ್ಟಿಯಾಗುವುದೋ ಎಂದು. ಚುರುಮುರಿ ಒಗ್ಗರಣೆ ಹಾಕಿ ದೊಡ್ಡ ತಾಟಿನಲ್ಲಿ ಸುರಿದಿದ್ದಳು.

ಎದುರು ಮನೆಯ ಕಾಕಾ ಬಂದರು. ಅಪ್ಪನ ಆಫೀಸಿನವರೇ, ಬಿಜಾಪುರದ ಕಡೆಯವರು. ಒಳಗೆ ಕಾಲಿಡುತ್ತಲೇ, “ಏನ್ರೀ ವೈನಿ, ನಿಮ್ಮ ಮಗಳ ಕುರ್ಚಿಮ್ಯಾಲೆ ಕಂಪ್ಯೂಟರ್ ಕೂಡಸ್ತಾರಂತ?” ಎಂದರು.

ಅವ್ವ ಸುಮ್ಮನಿರಲಿಲ್ಲ. “ನಿಮ್ಮ ಕುರ್ಚಿಮ್ಯಾಲೆ ಮೊದಲ ಕೂಡಸ್ಲಿ ಬಿಡ್ರಿ. ಮಧ್ಯಾಹ್ನ ಗೊರಕೀನರ ಹೊಡಿಯಂಗಿಲ್ಲ ಅದು.”

ಕಾಕಾನೂ ನಕ್ಕರು. ರೇಡಿಯೋದಲ್ಲಿ ಬಜೆಟ್ಟಿನ ವರದಿ ಬಂದು ಮುಗಿಯಿತು. ಅದರಲ್ಲಿ ನನ್ನ ಆರ್ಡರ್ ಬಗ್ಗೆ ಏನಿರಲು ಸಾಧ್ಯ? ಆದರೂ ಅಪ್ಪ ಕೊನೆಯ ಮಾತಿನವರೆಗೂ ರೇಡಿಯೋದ ಕಡೆ ಬಗ್ಗಿಕೊಂಡೇ ಕೂತಿದ್ದರು. ಆಮೇಲೆ ನನ್ನ ಕಡೆ ತಿರುಗಿದರು.

“ನೀ ಓದೀಯಲ್ಲವಾ, ಹೇಳು. ಖಾಲಿ ಹುದ್ದೆ ಭರತಿ ಮಾಡ್ತಾರೋ ಇಲ್ಲೋ?”

ಎಲ್ಲರೂ ನನ್ನನ್ನೇ ನೋಡಿದರು. ನಾನು ಅಳೆದು ತೂಗಿ ಹೇಳಿದೆ. “ಖರ್ಚು ಇಳಸಬೇಕಂದ್ರ ಮೊದಲ ಭರತಿ ನಿಲ್ಲಸ್ತಾರ. ಆದ್ರ ತೆರಿಗಿ ಇಳಿಸಿದ ಮ್ಯಾಲೆ ವಸೂಲಿ ಹೆಚ್ಚಾತಂದ್ರ ಕೈ ಸಡಿಲ ಬಿಟ್ಟಾರು. ಒಂದು ವರ್ಷ ನೋಡಬೇಕು.”

“ಮಾಡ್ತಾರ, ಇಲ್ಲಾ ಮಾಡಂಗಿಲ್ಲ,” ಎಂದಳು ಅವ್ವ. “ಇಷ್ಟು ಹೇಳಾಕ ಯೂನಿವರ್ಸಿಟಿಗೆ ಹೋಗಬೇಕಾತೇನು?”

ನಗು ಇಳಿದ ಮೇಲೆ ಕಾಕಾ ಚುರುಮುರಿ ಮುಕ್ಕುತ್ತ, ಕೆಟ್ಟ ಮನಸ್ಸಿನಿಂದೇನಲ್ಲ, ಅಂದರು: “ಭರತಿ ಬಂದ್ ಆತಂದ್ರ ಲಗ್ನಾ ಮಾಡಿ ಕಳಸ್ರಿ. ಆ ಖೋಲಿ ಯಾಕ ಬೇಕು? ಸಾಲಾನೂ ತಪ್ಪತೈತಿ.”

ಅಪ್ಪ ರೇಡಿಯೋದ ಕಿವಿ ತಿರುವಿದರು.

ಆರ್ಡರ್ ಬರಲಿಲ್ಲ. ಏಪ್ರಿಲ್‌ನಲ್ಲಿ ನಾನೇ ಸಿವಿಲ್ ಲೈನ್ಸ್‌ವರೆಗೆ ಹೋಗಿ ವಿಚಾರಿಸಿದೆ. ಗುಮಾಸ್ತರು ಮರಾಠಿಯಲ್ಲಿ ಬಹಳ ಮೆತ್ತಗೆ, ಮೇಲಿನಿಂದ ಸೂಚನೆ ಬರುವ ತನಕ ಯಾವ ನೇಮಕವೂ ಇಲ್ಲ ಎಂದರು. ಮನೆಗೆ ಬಂದು ಅದನ್ನು ಹಾಗೆಯೇ ಹೇಳಿದೆ. ಹುಬ್ಬಳ್ಳಿಯ ಮಾಮಿ ಒಂದು ಸಂಬಂಧದ ಬಗ್ಗೆ ಬರೆದಿದ್ದಳು. ಅವ್ವ ಆ ವಿಷಯವನ್ನು ಊಟಕ್ಕೆ ಬಡಿಸುವಾಗ ಎತ್ತಿದಳು, ನಾನು ಅನ್ನ ಕಲಸುತ್ತ ಕೂತೆ.

ಮಳೆಗೆ ಮೊದಲು ಸ್ಲ್ಯಾಬ್ ಬೀಳಲೇಬೇಕಿತ್ತು. ಸೆಂಟರಿಂಗಿಗೆ ಎಷ್ಟು ಹಲಗೆ, ಆನಿಕೆಗೆ ಎಷ್ಟು ಬಲ್ಲಿಗಂಬ ತರಿಸಲಿ ಎಂದು ಮಿಸ್ತ್ರಿ ದಿನವೂ ಕೇಳುತ್ತಿದ್ದ. ಎರಡು ಖೋಲಿಗೋ, ಮೂರಕ್ಕೋ?

ಒಂದು ಸಂಜೆ ಅಂಗಳದಲ್ಲಿ ನೀರು ಚಿಮುಕಿಸಿ ಕೂತಿದ್ದಾಗ ನಾನೇ ಮಾತು ತೆಗೆದೆ. “ಅಪ್ಪಾ, ಎರಡಕ್ಕ ಹಾಕಸ್ರಿ. ನಂದು ಆಮ್ಯಾಲೆ ನೋಡೂಣು.”

“ನಿಂದು ಅಂತ ಯಾರಂದ್ರು? ಅದು ಓದೂ ಖೋಲಿ.”

“ಓದೂದು ಮುಗೀತಲ್ರಿ.”

ಅವರು ಬೀಸಣಿಗೆ ಕೆಳಗಿಟ್ಟರು. “ಉಂಡು ಮಲಕೋ ಹೋಗು,” ಎಂದರು.

ಮುಂದಿನ ಭಾನುವಾರ ಅವ್ವನೂ ನಾನೂ ಬುತ್ತಿ ತೆಗೆದುಕೊಂಡು ಜಾಗಕ್ಕೆ ಹೋದೆವು. ಎರಡು ಖೋಲಿಗಳಲ್ಲಿ ಬಲ್ಲಿಗಳು ನಿಂತಿದ್ದವು. ಮೂರನೆಯದಕ್ಕೆ ಇಣುಕಿದೆ. ಅಲ್ಲಿಯೂ ಸಾಲಾಗಿ ನಿಂತಿದ್ದವು, ಮೇಲೆ ಹಲಗೆ ಹಾಸಿ ಕಬ್ಬಿಣದ ಸಳಿ ಕಟ್ಟುತ್ತಿದ್ದರು.

“ಇದು ಯಾವಾಗ?” ಎಂದು ಮಿಸ್ತ್ರಿಯನ್ನು ಮರಾಠಿಯಲ್ಲಿ ಕೇಳಿದೆ.

“ಸಾಹೇಬರು ಪೂರಾ ಹಾಕು ಅಂದ್ರಲ್ಲ ತಾಯೀ,” ಎಂದ ಅವನೂ ಮರಾಠಿಯಲ್ಲೇ, ಇದರಲ್ಲಿ ಕೇಳುವುದೇನಿದೆ ಎಂಬಂತೆ.

ಸೊಸೈಟಿಯ ಸಾಲಕ್ಕೆ ಅಪ್ಪ ಸಹಿ ಹಾಕಿ ಆಗಿತ್ತು. ಜಾಮೀನು ನಿಂತವರು ಎದುರು ಮನೆಯ ಕಾಕಾನೇ. ನಾನು ಅಪ್ಪನ ಬಳಿ ಹೋದೆ. ಅವರು ನಮಗಿಂತ ಮೊದಲೇ ಬಂದು ಮರಳಿನ ರಾಶಿಯ ಪಕ್ಕ ಛತ್ರಿ ಹಿಡಿದು ನಿಂತಿದ್ದರು.

“ಆರ್ಡರ್ ಬರ್ಲಿಲ್ಲಂದ್ರ?”

“ಬರ್ಲಿಲ್ಲಂದ್ರ ಬ್ಯಾರೆ ಪರೀಕ್ಷಾ ಬರಿತೀ. ಅದಕ್ಕ ಕೂಡಾಕ ಒಂದು ಜಾಗಾ ಬೇಕಲ್ಲ?” ಛತ್ರಿಯನ್ನು ನನ್ನ ತಲೆಯ ಕಡೆಗೆ ಸರಿಸಿದರು. “ಸರಕಾರ ಭರತಿ ನಿಲ್ಲಿಸ್ತಂತ ನಿನ್ನ ಗಡಿಬಿಡಿಲೆ ಯಾರ ಮನಿಗೂ ಕಳಸಂಗಿಲ್ಲ. ನಿಮ್ಮವ್ವಗೂ ಹೇಳೀನಿ.”

ಅವ್ವ ಅತ್ತ ಮುಖ ಮಾಡಿ ಬುತ್ತಿ ಬಿಚ್ಚುತ್ತಿದ್ದಳು. “ಹೇಳ್ಯಾರ, ಹೇಳ್ಯಾರ,” ಎಂದಳು. “ಮಾಮಿಗೆ ಕಾಗದಾನೂ ಬರದಾತು. ರೊಟ್ಟಿ ಆರಾಕತ್ತಾವು, ಬರ್ರಿ.”

ಸ್ಲ್ಯಾಬ್ ಹಾಕಿದ ದಿನ ಕೆಲಸಗಾರರಿಗೆ ಮಟನ್ ಊಟ ಹಾಕುವುದು ಅಲ್ಲಿನ ಪದ್ಧತಿ. ಮಾಂಸ ಮುಟ್ಟದ ಅವ್ವ ಅದರ ಬದಲು ಗೋಧಿ ಹುಗ್ಗಿ ಮಾಡಿ, ಮೇಲೆ ಧಾರಾಳ ತುಪ್ಪ ಹಾಕಿ, ತನ್ನ ಅರೆಬರೆ ಹಿಂದಿಯಲ್ಲಿ ಅವರನ್ನೆಲ್ಲ ಒಪ್ಪಿಸಿದಳು. ಆಮೇಲೆ ಸ್ಲ್ಯಾಬ್ ಗಟ್ಟಿಯಾಗಲೆಂದು ಅದರ ಮೇಲೆ ಮಣ್ಣಿನ ಸಣ್ಣ ಬದು ಕಟ್ಟಿ ನೀರು ನಿಲ್ಲಿಸುವ ಕೆಲಸ. ಮೇ ತಿಂಗಳ ಬಿಸಿಲು ಬೆಳಿಗ್ಗೆ ತುಂಬಿದ ನೀರನ್ನು ಸಂಜೆಗೆ ಉಳಿಸುತ್ತಿರಲಿಲ್ಲ. ಅಪ್ಪನ ಸ್ಕೂಟರಿನ ಹಿಂದೆ ಕೂತು ದಿನವೂ ಹೋಗಿ ನಾನೇ ಪೈಪು ಹಿಡಿಯುತ್ತಿದ್ದೆ. ಪಾದ ಮುಳುಗುವಷ್ಟು ನೀರಿನಲ್ಲಿ, ನನ್ನದೇ ಖೋಲಿಯ ತಲೆಯ ಮೇಲೆ ನಿಂತಿರುತ್ತಿದ್ದೆ.

ನೇಮಕದ ಆರ್ಡರ್ ಬಂದದ್ದು ಮರುವರ್ಷ. ಅದು ಹೊಸ ನೀತಿಯಿಂದ ತಡವಾಯಿತೋ, ಅದರಿಂದಲೇ ಬಂತೋ, ಇಂದಿಗೂ ಖಚಿತವಾಗಿ ಹೇಳಲಾರೆ. ನಡುವಿನ ವರ್ಷ ಕೈ ಬಿಗಿಯಾಗಿತ್ತು. ಕಾಲೇಜೊಂದರಲ್ಲಿ ತಾಸಿನ ಲೆಕ್ಕಕ್ಕೆ ಪಾಠ ಹೇಳಿದೆ. ಅವ್ವ ಹಾಲು ಕಡಿಮೆ ಮಾಡಿದಳು. ಅಪ್ಪ ಆಫೀಸಿಗೆ ಸೈಕಲ್ ಹಿಡಿದರು, ವ್ಯಾಯಾಮಕ್ಕೆ ಎಂದರು.

ಆರ್ಡರ್ ಬರುವ ಮೊದಲೇ, ಆ ಚಳಿಗಾಲದಲ್ಲಿ ಹೊಸ ಮನೆಗೆ ಬಂದೆವು. ನನ್ನ ಖೋಲಿಯ ಗೋಡೆಗೆ ಸಿಮೆಂಟಿನ ಗಿಲಾವು ಆಗಿರಲಿಲ್ಲ, ಬಾಗಿಲೂ ಇರಲಿಲ್ಲ. ಅವ್ವನ ಹಳೆಯ ಇಳಕಲ್ ಸೀರೆಯೇ ಪರದೆ. ಸಂಜೆ ಚಹಾ ತಂದಾಗ ಅಪ್ಪ ಪರದೆಯ ಆಚೆ ನಿಂತು, ಬಾಗಿಲು ತಟ್ಟುವಂತೆ ಬೆರಳಿನಿಂದ ಬರಿಯ ಇಟ್ಟಿಗೆಯನ್ನು ತಟ್ಟುತ್ತಿದ್ದರು. ಸದ್ದೇನೂ ಬರುತ್ತಿರಲಿಲ್ಲ. ಪರದೆಯ ಕೆಳಗೆ ಅವರ ಪಾದ ಕಾಣುತ್ತಿತ್ತು. ನಾನು “ಬರ್ರಿ ಅಪ್ಪಾ” ಎನ್ನುವವರೆಗೂ ಅವರು ಅಲ್ಲೇ ನಿಂತಿರುತ್ತಿದ್ದರು.