ಒಂದು ಸುತ್ತು ಮೊದಲೇ ಬಾರಿಸಿದ ಗಂಟೆ

ವಿಜಯವಾಡದ ಆ ಕೋಚನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಅವನಿಗೂ ಅಷ್ಟೇ. ನಾನು ವಿಶಾಖಪಟ್ಟಣದ ಕಾಲೇಜೊಂದರಲ್ಲಿ ಓಟಗಾರರನ್ನು ತಯಾರು ಮಾಡುತ್ತಿದ್ದೆ, ಅವನು ವಿಜಯವಾಡದ ಕಾಲೇಜೊಂದರಲ್ಲಿ. ಎಂಬತ್ತರ ದಶಕದುದ್ದಕ್ಕೂ ಯಾವ ಕ್ರೀಡಾಕೂಟಕ್ಕೆ ಹೋದರೂ ನಾವಿಬ್ಬರು ಹಾವು ಮುಂಗುಸಿ. ಅವನು ಎಲ್ಲೋ ನೌಕರಿಗಿದ್ದ ಮೀಸೆ ಗಂಡಸರನ್ನು ಬಿ.ಎ. ಮೊದಲ ವರ್ಷದವರೆಂದು ಹೇಳಿ ಓಡಿಸುತ್ತಿದ್ದ. ನಾನು ದೂರು ಕೊಡುತ್ತಿದ್ದೆ. ಅವನು ಎಲ್ಲರೆದುರು ನನ್ನನ್ನು ‘ಕನ್ನಡ ಪಂತುಲು’, ಅಂದರೆ ಕನ್ನಡ ಮೇಷ್ಟ್ರು, ಎಂದು ಕರೆದು ನಗಿಸುತ್ತಿದ್ದ. ದಾವಣಗೆರೆಯಿಂದ ಬಂದು, ಇಲ್ಲಿಯವಳನ್ನು ಮದುವೆಯಾಗಿ, ಇಲ್ಲೇ ಬೇರು ಬಿಟ್ಟಿದ್ದ ನನಗೆ ಆ ಮಾತು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು.

ಆ ವರ್ಷ ನನ್ನ ಬಳಿ ಮೂರು ಸಾವಿರ ಮೀಟರ್ ಓಡುವ ಹುಡುಗಿಯೊಬ್ಬಳಿದ್ದಳು. ಅಪ್ಪ ಹಾಸನದ ಕಡೆಯವರು, ವರ್ಗವಾಗಿ ಬಂದ ಬ್ಯಾಂಕ್ ಅಧಿಕಾರಿ. ಮನೆ ಎಂವಿಪಿ ಕಾಲೋನಿಯಲ್ಲಿ. ಹುಡುಗಿಯ ಕನ್ನಡಕ್ಕೆ ತೆಲುಗು ಹತ್ತಿಕೊಂಡಿತ್ತು, ಅಪ್ಪನನ್ನೇ ‘ನಾನ್ನಾ’ ಎನ್ನುತ್ತಿದ್ದಳು. ಬೆಳಿಗ್ಗೆ ಬೀಚಿನ ಒದ್ದೆ ಮರಳಿನ ಮೇಲೆ ಓಡಿಸುತ್ತಿದ್ದೆ. ಬೈದರೆ ಮುಖ ಊದಿಸಿಕೊಳ್ಳುವವಳಲ್ಲ, ಬೈದಷ್ಟೂ ಜೋರಾಗಿ ಓಡುವವಳು. ಅಪ್ಪನಿಗೆ ಮಾತ್ರ ಇದೊಂದೂ ಸರಿ ಕಾಣುತ್ತಿರಲಿಲ್ಲ.

“ನೋಡಿ ಸಾರ್, ರಾಜ್ಯ ತಂಡಕ್ಕೆ ಸೇರಿದ್ರೆ ಓಡ್ಲಿ. ಇಲ್ದಿದ್ರೆ ಈ ವರ್ಷಕ್ಕೇ ಸಾಕು, ಬ್ಯಾಂಕ್ ಪರೀಕ್ಷೆಗೆ ಓದ್ಕೋತಾಳೆ,” ಎಂದು ಗೆರೆ ಎಳೆದುಬಿಟ್ಟಿದ್ದರು.

ಆಯ್ಕೆಯ ಕೂಟ ವಿಜಯವಾಡದಲ್ಲಿ. ಮೊದಲ ಇಬ್ಬರಿಗಷ್ಟೇ ತಂಡದಲ್ಲಿ ಜಾಗ. ಆಗೆಲ್ಲ ಕೂಟಕ್ಕೆ ಬಂದ ಕೋಚುಗಳನ್ನೇ ಹಿಡಿದು ಮೈದಾನದ ಕೆಲಸಕ್ಕೆ ನಿಲ್ಲಿಸುತ್ತಿದ್ದರು. ಒಬ್ಬನ ಕೈಗೆ ಸ್ಟಾಪ್‌ವಾಚ್, ಇನ್ನೊಬ್ಬನ ಕೈಗೆ ಟೇಪು. ನನ್ನ ಪಾಲಿಗೆ ಸುತ್ತು ಎಣಿಸುವ ಕೆಲಸ ಬಂತು. ಒಟ್ಟು ಏಳೂವರೆ ಸುತ್ತು. ಮುಂದಿರುವವಳು ಗೆರೆ ದಾಟಿದಾಗಲೆಲ್ಲ ಇನ್ನೆಷ್ಟು ಸುತ್ತು ಉಳಿದಿದೆ ಎಂದು ತೋರಿಸುವ ಹಲಗೆ ತಿರುವಬೇಕು, ಕೊನೆಯ ಸುತ್ತಿಗೆ ಗಂಟೆ ಬಾರಿಸಬೇಕು. ನನ್ನ ಹುಡುಗಿಯೇ ಓಡುವಾಗ ಆ ಕುರ್ಚಿಯಲ್ಲಿ ನಾನು ಕೂರಬಾರದಿತ್ತು. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಇಂದ್ರಕೀಲಾದ್ರಿ ಬೆಟ್ಟದ ಕಡೆಯಿಂದ ಬಿಸಿಗಾಳಿ ಬೀಸುತ್ತಿತ್ತು. ಅರ್ಧ ಓಟ ಮುಗಿಯುವ ಹೊತ್ತಿಗೆ ನನ್ನ ಹುಡುಗಿ ಎಲ್ಲರಿಗಿಂತ ಮೂವತ್ತು ಮೀಟರ್ ಮುಂದಿದ್ದಳು. ಆಗ ಆ ವಿಜಯವಾಡದ ಮಹಾಶಯ ಮೈದಾನದೊಳಕ್ಕೆ ನುಗ್ಗಿ, ತನ್ನ ಹುಡುಗಿಯ ಪಕ್ಕದಲ್ಲೇ ಓಡುತ್ತ ಕೂಗತೊಡಗಿದ. ಅದು ನಿಯಮಕ್ಕೆ ವಿರುದ್ಧ. “ಹೊರಗೆ ನಡಿಯಲೇ!” ಎಂದು ಎದ್ದೆ. ನಿನ್ನ ಗಂಟೆ ನೀನು ನೋಡಿಕೋ ಪಂತುಲು ಎಂದ. ಮಾತು ಕಾಲರಿಗೆ ಕೈ ಹಾಕುವ ತನಕ ಹೋಯಿತು. ಸಿಟ್ಟಿನಲ್ಲೇ ಕುರ್ಚಿಗೆ ಮರಳಿದೆ. ಜಗಳದಲ್ಲಿ ಒಂದು ಸುತ್ತು ಎಣಿಕೆಗೆ ತಪ್ಪಿಹೋಗಿರಬೇಕು ಎಂದುಕೊಂಡು ಹಲಗೆಯಲ್ಲಿ ಒಂದು ಸುತ್ತು ಕಡಿಮೆ ಮಾಡಿದೆ. ಒಂದೂ ತಪ್ಪಿರಲಿಲ್ಲ. ಹೀಗಾಗಿ ಎರಡು ಸುತ್ತು ಉಳಿದಿರುವಾಗಲೇ ಗಂಟೆ ಬಾರಿಸಿದೆ.

ಗಂಟೆ ಕೇಳಿದ್ದೇ ನನ್ನ ಹುಡುಗಿ ಇದ್ದಬದ್ದ ಉಸಿರನ್ನೆಲ್ಲ ಸುರಿದು ಓಡಿ, ಗೆರೆ ದಾಟಿ ಹುಲ್ಲಿನ ಮೇಲೆ ಬಿದ್ದಳು. ಅವನು ಸರಿಯಾಗಿ ಎಣಿಸಿದ್ದ. ಇನ್ನೊಂದು ಸುತ್ತಿದೆ ಎಂದು ಅರಚಿದ, ಅವನ ಹುಡುಗಿ ನಿಲ್ಲಲಿಲ್ಲ. ಉಳಿದವರೂ ಅವಳ ಹಿಂದೆ ಹೋದರು. ನನ್ನವಳು ಎದ್ದು, ಕಾಲೆಳೆದುಕೊಂಡು ಆ ಸುತ್ತನ್ನೂ ಮುಗಿಸಿದಳು. ನಾಲ್ಕನೆಯವಳಾಗಿ.

ಮುಖ್ಯ ತೀರ್ಪುಗಾರರು ವಿಚಾರಿಸಿದಾಗ ನಾನು ಅವನ ಕಡೆ ಬೆರಳು ತೋರಿಸಿದೆ. ಕೊನೆಯ ಸುತ್ತು ಎಂದು ಇವನೇ ಕೂಗಿದ, ನಂಬಿ ಬಾರಿಸಿದೆ ಎಂದೆ. ಅವನು ಒಳಗೆ ನುಗ್ಗಿದ್ದನ್ನು ಎಲ್ಲರೂ ನೋಡಿದ್ದರಿಂದ ಸುಳ್ಳು ಸಲೀಸಾಗಿ ನಡೆಯಿತು. ಅವನನ್ನು ಮೈದಾನದಿಂದ ಹೊರಗೆ ಹಾಕಿದರು. “ಸಿಗ್ಗು ಲೇದಾ ನೀಕು?” ಎಂದು ಕೇಳಿದ. ಆ ಗಳಿಗೆಯಲ್ಲಿ ನನಗೆ ನಾಚಿಕೆ ಆಗಲಿಲ್ಲ, ನಿಜ ಹೇಳುತ್ತೇನೆ. ಹೊಟ್ಟೆ ತಣ್ಣಗಾಗಿತ್ತು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದು ಎನ್ನುತ್ತಾರೆ. ನಾನು ಕೊಯ್ದದ್ದು ನನ್ನ ಮೂಗೂ ಅಲ್ಲ, ಅವನದೂ ಅಲ್ಲ.

ರೈಲಿನಲ್ಲಿ ಹುಡುಗಿ ಕಿಟಕಿಗೆ ಮುಖ ಮಾಡಿ ಕೂತಳು. ಭಾನುವಾರ ನಾನೇ ಅವರ ಮನೆಗೆ ಹೋದೆ, ಇನ್ನೊಂದು ವರ್ಷ ಬಿಡಿ ಎಂದು ಕೇಳಿಕೊಳ್ಳಲು. ಅಪ್ಪ ಕೂರಿಸಿ ಕಾಫಿ ಕೊಡಿಸಿದರು.

“ಇವ್ಳು ಏನೂ ಬಾಯಿ ಬಿಡ್ತಿಲ್ಲ ಸಾರ್. ಬೇರೆಯವರಿಂದ ತಪ್ಪಾಗಿದ್ರೆ ಹೇಳಿ, ಇನ್ನೊಂದು ವರ್ಷ ಓಡ್ಲಿ. ನಾನೇನು ರಾಕ್ಷಸ ಅಲ್ಲ. ಇವ್ಳೇ ಎಣಿಸೋದ್ರಲ್ಲಿ ಎಡವಿದ್ರೆ ಅಲ್ಲಿಗೆ ಮುಗೀತು.”

“ಆ ವಿಜಯವಾಡದ ಕೋಚ್ ಅದಾನಲ್ರೀ, ಅವ್ನು ಒಳಗ ಬಂದು ಕೂಗಿ...” ಎಂದು ನಾನು ಶುರು ಮಾಡಿದೆ.

“ಇಲ್ಲ ನಾನ್ನಾ,” ಎಂದಳು ಬಾಗಿಲಲ್ಲಿ ನಿಂತಿದ್ದ ಹುಡುಗಿ. “ನಾನೇ ತಪ್ಪು ಎಣಿಸಿದೆ.”

ಹಾಗಾದರೆ ಮುಗಿಯಿತು ಎಂಬಂತೆ ಅಪ್ಪ ತಲೆಯಾಡಿಸಿದರು. ನಾನು ಕಾಫಿ ಮುಗಿಸಿ ಎದ್ದೆ. ಗೇಟು ಹಾಕಿಕೊಳ್ಳಲು ಅವಳೇ ಬಂದಳು.

“ಕೊನೇ ಸುತ್ತು ಅಂತ ಅವರು ಕೂಗಲಿಲ್ಲ ಸಾರ್. ನೀವು ಜಗಳ ಆಡೋದನ್ನ ನಾನು ಓಡ್ತಾನೇ ನೋಡಿದೆ. ನಾನ್ನಾ ಎದುರಿಗೂ ನಿಮ್ಮಿಂದ ಅದೇ ಸುಳ್ಳು ಹೇಳಿಸಿ ಓಡೋದು ನಂಗೆ ಬೇಡ.”

ಅವಳ ಅಪ್ಪ ಇನ್ನೂ ಹಜಾರದಲ್ಲೇ ಕೂತಿದ್ದರು. ಒಳಗೆ ಹೋಗಿ ನಿಜ ಹೇಳಲು ಹತ್ತು ಹೆಜ್ಜೆ ಸಾಕಿತ್ತು. ನಾನು ಸ್ಕೂಟರಿಗೆ ಕಿಕ್ ಹೊಡೆದೆ.