ಮಿರಗದ ಮೀನಿನ ಉಸಿರು

ನಮ್ಮತ್ತೆ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಬರುವ ಮೊದಲೇ ಅವರ ಉಸಿರು ಬಂದು ಮುಟ್ಟುತ್ತಿತ್ತು. ಅವರಿಗೆ ದಮ್ಮಿನ ಕಾಯಿಲೆ. ಎಳೆದುಕೊಳ್ಳುವಾಗ ಸಣ್ಣ ಸೀಟಿ, ಬಿಡುವಾಗ ಗೊರಗೊರ. ಮದುವೆಯಾಗಿ ಬಂದ ಹೊಸದರಲ್ಲಿ ಆ ಸದ್ದಿಗೆ ನನಗೆ ನಿದ್ದೆ ಹತ್ತುತ್ತಿರಲಿಲ್ಲ. ಆಮೇಲಾಮೇಲೆ ಅದು ನಿಂತರೆ ಎಚ್ಚರವಾಗತೊಡಗಿತು.

ನಾನು ಹೊನ್ನಾವರದ ಕಡೆಯ ಮೀನುಗಾರರ ಮನೆಯವಳು. ಹೈದರಾಬಾದಿನ ಅಮೀರ್‌ಪೇಟೆಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕಲಿತು ಒಂದು ಕಂಪನಿಯಲ್ಲಿ ರಾತ್ರಿ ಪಾಳಿಗೆ ಸೇರಿದ್ದೆ. ಗಂಡ ಬ್ಯಾಂಕಿನಲ್ಲಿದ್ದರು. ಅವರ ಮನೆತನ ಲಿಂಗಸುಗೂರು ಕಡೆಯದು, ಅತ್ತೆ ಮದುವೆಯಾಗಿ ಮೆಹದಿಪಟ್ಟಣಕ್ಕೆ ಬಂದು ಅರ್ಧ ಆಯುಷ್ಯ ಅಲ್ಲೇ ಕಳೆದಿದ್ದರು. ಊರೆಲ್ಲ ಐಟಿ ಐಟಿ ಎಂದು ಕುಣಿಯುತ್ತಿದ್ದ ಆ ವರ್ಷಗಳಲ್ಲಿ ಕೆರೆಗಳ ಅಂಚಿಗೆಲ್ಲ ಅಪಾರ್ಟ್‌ಮೆಂಟುಗಳು ಎದ್ದವು. ನನ್ನ ಆಫೀಸಿಗೆ ಹತ್ತಿರವಾಗಲಿ ಎಂದು ಅಂಥದೊಂದು ಹೊಸ ಕಟ್ಟಡದ ಮೂರನೇ ಮಹಡಿಗೆ ಬಾಡಿಗೆಗೆ ಬಂದೆವು. ಬಾಲ್ಕನಿಯಿಂದ ಕೆರೆ ಕಾಣುತ್ತದೆ ಎಂದು ಮಾಲೀಕರು ಜಂಬದಿಂದ ತೋರಿಸಿದ್ದರು. ಕೆರೆಗೂ ನಾವು ಕಾಣುತ್ತೇವೆ ಎಂಬುದು ನನಗೆ ಆಗ ಹೊಳೆಯಲಿಲ್ಲ.

ಅತ್ತೆಗೂ ನನಗೂ ವರ್ಷಕ್ಕೊಂದು ಜಗಳ ಕಟ್ಟಿಟ್ಟ ಬುತ್ತಿ. ಅದು ಮಿರಗದ ಜಗಳ. ಮಿರಗ ಅಂದರೆ ಮೃಗಶಿರಾ ಮಳೆ ಕೂಡುವ ದಿನ. ಆ ದಿನ ಹೈದರಾಬಾದಿನ ಮಂದಿ ಮೀನು ತಿನ್ನಲೇಬೇಕು, ತಿಂದರೆ ಮಳೆಗಾಲದ ಕೆಮ್ಮು ದಮ್ಮು ಹತ್ತಿರ ಸುಳಿಯುವುದಿಲ್ಲ ಎಂದು ನಂಬಿಕೆ. ಮೀನು ಮುಟ್ಟದವರು ಹಳೇ ಬೆಲ್ಲದಲ್ಲಿ ಇಂಗು ಕಲಸಿ ನುಂಗುತ್ತಾರೆ. ನಮ್ಮ ಕರಾವಳಿಯಲ್ಲಿ ಇದಕ್ಕೆ ಸರೀ ಉಲ್ಟಾ. ಮಳೆ ಬಿದ್ದಿತೆಂದರೆ ಬಲೆ ಮಾಡಿನಡಿಗೆ ಸೇರುತ್ತದೆ, ನೂಲಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಬಿಡುವವರೆಗೆ ಉಪ್ಪುಮೀನೇ ಗತಿ. ಅದು ಮೀನು ಮೊಟ್ಟೆಯಿಡುವ ಕಾಲ. ಸರ್ಕಾರದ ಆಜ್ಞೆ ಬರುವ ಮೊದಲೂ ನಮ್ಮಪ್ಪ ಆ ಕಟ್ಟಳೆ ಮುರಿದವರಲ್ಲ.

"ಅತ್ತೆ, ಹೊಟ್ಟೆ ತುಂಬ ಮೊಟ್ಟೆ ಇಟ್ಕೊಂಡ ಮೀನನ್ನ ತಿನ್ನೋದಾ? ನಮ್ಮ ಬದಿಗೆ ಛೀ ಅಂತ್ರು" ಎನ್ನುತ್ತಿದ್ದೆ.

"ನಿಮ್ಮ ಬದೀಗಿ ಸಮುದ್ರ ಐತಿ, ಗಾಳಿ ಐತಿ. ನನಗ ಇಲ್ಲಿ ಎದ್ಯಾಗ ಗಾಳಿ ಇಲ್ಲವಾ ಸಮುದ್ರದ ಸೊಸಿ" ಎನ್ನುತ್ತಿದ್ದರು. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಂತೆ ಗಂಡ ಇಬ್ಬರ ನಡುವೆ ಕೂತು ಪೇಪರ್ ಓದುತ್ತಿದ್ದರು.

ಆದರೆ ಆ ವರ್ಷದ ಜಗಳದಲ್ಲಿ ನಗು ಇರಲಿಲ್ಲ. ಹಿಂದಿನ ಮಿರಗಕ್ಕೆ ಐಸಿನಲ್ಲಿಟ್ಟ ಮೀನು ತಂದಿದ್ದೆವು. ಅತ್ತೆ ಆ ಮಳೆಗಾಲವಿಡೀ ಆಸ್ಪತ್ರೆಗೂ ಮನೆಗೂ ಅಲೆದರು. ಒಮ್ಮೆಯಂತೂ ಕೈಬಿಟ್ಟೇ ಹೋದರು ಎಂದುಕೊಂಡಿದ್ದೆವು. "ಸತ್ತ ಮೀನದಾಗ ಉಸಿರೆಲ್ಲಿರತೈತಿ?" ಎಂದು ಅವರ ವಾದ. "ಈ ಸಲ ಜೀವಂತ ಕೊರ್ರಮೀನ ಬೇಕು. ಸಿಗಲಿಲ್ಲಂದ್ರ ಈ ಮಳಿ ನಾ ದಾಟಂಗಿಲ್ಲ." ಕೊರ್ರಮೀನು ಹಾವಿನ ತಲೆಯ ಕಪ್ಪು ಕೆರೆಮೀನು, ಇಲ್ಲಿ ಬದುಕಿದ್ದಂತೆಯೇ ಮಾರುತ್ತಾರೆ. ಅವರು ಇದನ್ನು ಹಟಕ್ಕೆ ಹೇಳುತ್ತಿರಲಿಲ್ಲ. ಹೆದರಿ ಹೇಳುತ್ತಿದ್ದರು, ಅದು ನನಗೆ ಅರ್ಥವಾಗುತ್ತಿತ್ತು.

ನಮಗೆ ಮೀನು ತರುತ್ತಿದ್ದವಳು ಕೃಷ್ಣಾ ದಂಡೆಯ ಹಳ್ಳಿಯಿಂದ ಬಂದವಳು, ಗಂಡ ಇದೇ ಕೆರೆಯಲ್ಲಿ ಬಲೆ ಬೀಸುವವನು. ಅತ್ತೆಗೆ ತಮ್ಮ ಕಡೆಯ ಮಾತು ಸಿಗುತ್ತದೆಂದು ಅವಳೆಂದರೆ ಪ್ರಾಣ. ಆ ಬೇಸಿಗೆ ಮುಗಿಯುವಾಗ ಬರಿಗೈಯಲ್ಲಿ ಬಂದು ಮೆಟ್ಟಿಲ ಮೇಲೆ ಕೂತಳು.

"ಕೆರಿ ಬಂದ್ ಮಾಡ್ಯಾರ್ರಿ ಅಮ್ಮಾ. ಮೊದಲ ಮಳಿ ಬಿದ್ದ ಕೂಡ್ಲೆ ಬಲಿ ಎತ್ತಿಡಬೇಕಂತ, ಮರಿ ದೊಡ್ಡವಾಗೂತನ. ಕೆರಿ ಏರಿ ಮ್ಯಾಲಿನ ಕಟ್ಟಮೈಸಮ್ಮನ ಗುಡಿ ಮುಂದ ಮೀನುಗಾರ ಸಂಘದವರು ಹೊತ್ತು ಮುಳುಗೂತನ ಬೈದಾಡಿದ್ರು. ನನ್ನ ಗಂಡ ಬಂದ್ ಮಾಡ್ರಿ ಅಂತಾನ, ಹೋದ ವರ್ಷ ಮರೀನ ಕಾಣಲಿಲ್ಲಂತ. ಮೈದುನ ಬ್ಯಾಡ ಅಂತಾನ. ವರ್ಷಕ್ಕೊಮ್ಮೆ ಊರ ಮಂದಿ ನಮ್ಮನ್ನ ಹುಡಿಕ್ಕೊಂಡ ಬರೂದು ಮಿರಗಕ್ಕ, ಅವತ್ತ ನಾವು ಬಲಿ ಮಡಚಿ ಕುಂತ್ರ ಆಂಧ್ರದ ಲಾರಿ ಮೀನ ಮಾರಿ ಹೋಗ್ತಾವ ಅಂತ. ಇಬ್ಬರೂ ಈಗ ಮಾತು ಬಿಟ್ಟಾರ್ರಿ."

ಎತ್ತು ಏರಿಗೆ, ಕೋಣ ನೀರಿಗೆ. "ನಿನ್ನ ಗಂಡ ಹೇಳೋದೇ ಸರಿ" ಎಂದು ನಾನು ಬಾಯಿ ಹಾಕಿದೆ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಸರಿ ಹೌದ್ರಿ. ಆದ್ರ ಅವು ಮೊಟ್ಟಿ ಇಡೂದು ನಡು ಕೆರ್ಯಾಗ ಅಲ್ಲ. ಅಂಚಿಗೆ ಬರ್ತಾವ, ಹುಲ್ಲಿನ್ಯಾಗ. ಆ ಹುಲ್ಲ ಇದ್ದಿದ್ದು ಇಲ್ಲೇ, ನಿಮ್ಮ ಬಿಲ್ಡಿಂಗಿನ ಬುಡಕ. ಎಲ್ಲಿ ಹೋಗ್ತಾವೋ ಈ ಸಲ."

"ನಾವು ಕಟ್ಟಿದ್ದಲ್ಲ, ಬಾಡಿಗೆಗಿರೋದು" ಎಂದೆ. ಅವಳು ನಕ್ಕಳು, ಅತ್ತೆ ನಗಲಿಲ್ಲ.

ಮಿರಗಕ್ಕೆ ಎಷ್ಟೋ ಮುಂಚೆಯೇ ಮಳೆ ಹೊಡೆಯಿತು. ಕಟ್ಟಡದ ಬುಡದಲ್ಲಿ ಕಾರು ನಿಲ್ಲಿಸುವ ಸೆಲ್ಲಾರಿಗೆ ನೆಲದೊಳಗಿಂದಲೇ ನೀರು ಎದ್ದು, ಇಳಿಜಾರಿನ ಅರ್ಧದವರೆಗೆ ತುಂಬಿತು. ಕಾರಿನವರು ಕಾರು ಬೀದಿಗೆ ತಂದರು. ಬಿಲ್ಡರ್ ಫೋನ್ ಎತ್ತುವುದು ಬಿಟ್ಟ.

ಒಂದು ಮಧ್ಯಾಹ್ನ ಪಾಳಿ ಮುಗಿಸಿ ಬಂದವಳು ಮಲಗಿದ್ದೆ. ಹೊರಗೆ ಮೋಡ ಕವಿದು ಮನೆ ಕತ್ತಲಾಗಿತ್ತು. ಪಕ್ಕದಲ್ಲಿ ಅತ್ತೆಯ ಉಸಿರು ಕೇಳುತ್ತಿತ್ತು, ಅದೇ ನಿಧಾನ, ಒಮ್ಮೆ ಎಳೆದು ಒಮ್ಮೆ ಬಿಟ್ಟಂತೆ. ನೀರು ಬೇಕೇ ಎಂದು ಕೇಳಿದೆ, ಉತ್ತರ ಬರಲಿಲ್ಲ. ಎದ್ದು ನೋಡಿದರೆ ಮಂಚ ಖಾಲಿ. ಆಗ ನೆನಪಾಯಿತು, ಅತ್ತೆ ಎದುರು ಮನೆಗೆ ಸತ್ಯನಾರಾಯಣ ಪೂಜೆಗೆ ಹೋಗಿದ್ದರು. ಉಸಿರು ಮಾತ್ರ ನಿಂತಿರಲಿಲ್ಲ. ಸದ್ದಿನ ಹಿಂದೆ ಹೋದೆ, ಅದು ಬಚ್ಚಲಿಗೆ ಕರೆದೊಯ್ಯಿತು. ಬಚ್ಚಲಿನ ಕಿಟಕಿ ತೆರೆಯುವುದು ಪೈಪುಗಳು ಇಳಿಯುವ ಕಿರಿದಾದ ಸಂದಿಗೆ. ಸಂದಿಯ ತಳ ಸೆಲ್ಲಾರು. ಅಲ್ಲಿಂದ ಯಾರೋ ಉಸಿರೆಳೆಯುತ್ತಿದ್ದರು.

ಕರೆಂಟ್ ಇರಲಿಲ್ಲ. ಟಾರ್ಚು ಹಿಡಿದು ಇಳಿಜಾರಿನಲ್ಲಿ ನೀರಿನ ಅಂಚಿಗೆ ಬಂದು ನಿಂತೆ. ಕಂಬಗಳ ನಡುವೆ ನೀರು ಕಪ್ಪಗೆ ಮಲಗಿತ್ತು. ಅದರೊಳಗೆ ಕೆಂಪಗೆ ಏನೋ ಚಲಿಸಿತು. ಕುಂಕುಮ ಕದಡಿದಂತೆ ಒಂದು ಮುದ್ದೆ, ಹರಡಿ ಮತ್ತೆ ಕೂಡಿಕೊಂಡು, ನನ್ನ ಕಡೆ ಬಂತು. ಬೆಳಕು ಬಿಟ್ಟೆ. ಮರಿಗಳು, ಸಾಸಿವೆಗಿಂತ ಸ್ವಲ್ಪ ದೊಡ್ಡವು, ಲೆಕ್ಕವಿಲ್ಲದಷ್ಟು. ಅವುಗಳ ಅಡಿಯಿಂದ ಕಪ್ಪು ತಲೆಯೊಂದು ಮೇಲೆದ್ದು ಬಾಯಿ ತೆರೆದು ಗಾಳಿ ನುಂಗಿತು. ಕಣ್ಣು ನನ್ನ ಮೇಲಿತ್ತು. ಇನ್ನೊಂದು ಕಂಬದ ಬಳಿ ಎರಡನೆಯದು ಎದ್ದು ನುಂಗಿತು. ತಮ್ಮ ಹುಲ್ಲಿನ ಜಾಗ ಹುಡುಕಿಕೊಂಡು ಕೊರ್ರಮೀನಿನ ಗಂಡು ಹೆಣ್ಣು ಎರಡೂ ಬಂದಿದ್ದವು. ಯಾವ ಬಿರುಕಿನಲ್ಲಿ ನುಸುಳಿದವೋ, ಯಾವ ಚರಂಡಿ ಹತ್ತಿದವೋ ಇಂದಿಗೂ ತಿಳಿಯದು.

ಅತ್ತೆಗೆ ಹೇಳಲಿಲ್ಲ. ಆದರೆ ವಾಚ್‌ಮನ್ ಹೇಳಿದ. "ಮಿರಗ ತಾನಾಗೇ ಮನೀಗಿ ಬಂದೈತಿ" ಎಂದು ಅತ್ತೆ ಸೆರಗು ಹಿಡಿದು ಅತ್ತರು. ಅದು ಮರಿ ಕಾಯುವ ಮೀನು, ಹಿಡಿದರೆ ಅಷ್ಟೂ ಮರಿ ಹೋಗುತ್ತವೆ ಎಂದೆ. ಅವರು ನನ್ನ ಕೈ ಹಿಡಿದುಕೊಂಡರು. "ನನಗ ಸಾಯಾಕ ಅಂಜಿಕಿ ಇಲ್ಲವಾ. ಉಸಿರ ಸಿಗದ ಸಾಯೂದಕ್ಕ ಅಂಜಿಕಿ." ಅಪ್ಪನ ಕಟ್ಟಳೆಯನ್ನು ಬದಿಗಿಟ್ಟೆ. ವಾಚ್‌ಮನ್‌ಗೆ ಹಿಡಿದು ತಾ ಎಂದೆ.

ಮಿರಗದ ಹಿಂದಿನ ಬೆಳಿಗ್ಗೆ ವಾಚ್‌ಮನ್ ಸೊಳ್ಳೆಪರದೆಯಲ್ಲಿ ಒಂದನ್ನು ಹಿಡಿದು ತಂದ. ನಮ್ಮೂರಿನ ಮೀನು ದಡಕ್ಕೆ ಬರುವಾಗಲೇ ಸತ್ತಿರುತ್ತದೆ, ಬದುಕಿದ ಮೀನನ್ನು ಇಟ್ಟುಕೊಂಡು ಗೊತ್ತಿದ್ದವಳಲ್ಲ ನಾನು. ಮೀನಿಗೆ ನೀರಿದ್ದಷ್ಟೂ ಒಳ್ಳೆಯದು ಎಂದುಕೊಂಡು ಬಚ್ಚಲಿನ ನೀಲಿ ಡ್ರಮ್ಮಿನಲ್ಲಿ ಬಿಟ್ಟು, ಕಂಠದವರೆಗೆ ನೀರು ತುಂಬಿ, ಹಾರಿಬಿಟ್ಟೀತೆಂದು ಮುಚ್ಚಳ ಒತ್ತಿ, ಮೇಲೆ ರುಬ್ಬುಗುಂಡು ಹೇರಿ ಮಲಗಲು ಹೋದೆ.

ಎಚ್ಚರವಾಗಿದ್ದು ಅತ್ತೆಯ ಕೂಗಿಗೆ. "ಮುಚ್ಚಳ ತೆಗಿ! ಯವ್ವಾ, ಮುಚ್ಚಳ ತೆಗಿ!" ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬಿಡುವ ಹೆಂಗಸು ಬಚ್ಚಲಿನಲ್ಲಿ ನಿಂತು ರುಬ್ಬುಗುಂಡಿನ ಜೊತೆ ಹೆಣಗುತ್ತಿದ್ದರು. ಡ್ರಮ್ಮಿನ ಒಳಗಿಂದ ಮುಚ್ಚಳಕ್ಕೆ ಬಡಿಯುವ ಸದ್ದು. ಠಪ್. ತುಸು ಬಿಟ್ಟು ಇನ್ನೊಂದು, ಮೊದಲಿನದಕ್ಕಿಂತ ಮೆಲ್ಲಗೆ. ಆಮೇಲೆ ಇನ್ನೂ ಮೆಲ್ಲಗೆ. "ಈ ಸಪ್ಪಳ ನನಗ ಗೊತ್ತೈತಿ. ನನ್ನ ಎದಿಯೊಳಗ ಹಿಂಗ ಬಡೀತೈತಿ" ಎಂದರು. ಇಬ್ಬರೂ ಸೇರಿ ಗುಂಡು ಉರುಳಿಸಿ ಮುಚ್ಚಳ ಕಿತ್ತೆವು. ಮೀನು ಓರೆಯಾಗಿ ತೇಲಿ ಬಂತು, ಬಾಯಿ ತೆರೆಯಿತು, ಗುಳುಂ ಎಂದು ಗಾಳಿ ನುಂಗಿತು. ಕೊರ್ರಮೀನು ಮೇಲೆ ಬಂದು ಗಾಳಿ ಎಳೆದುಕೊಳ್ಳದೆ ಬದುಕದು; ನೀರು ತುಂಬಿದ ಡ್ರಮ್ಮಿನಲ್ಲಿ ಮೀನು ಮುಳುಗಿ ಸಾಯುತ್ತಿತ್ತು.

ಅತ್ತೆ ಡ್ರಮ್ಮಿನ ಅಂಚು ಹಿಡಿದು ಬಗ್ಗಿ ಅದನ್ನೇ ನೋಡಿದರು. ಅದು ಎಳೆದಾಗ ಇವರು ಎಳೆದರು, ಇವರು ಬಿಟ್ಟಾಗ ಅದು ಮುಳುಗಿತು. ಯಾರ ಸದ್ದು ಯಾವುದೆಂದು ನನಗೆ ತಿಳಿಯದೇ ಹೋಯಿತು. ಅಷ್ಟು ಹೆದರಿಕೆ ನನಗೆ ಜೀವಮಾನದಲ್ಲಿ ಆಗಿರಲಿಲ್ಲ.

"ಇದಕ್ಕೂ ದಮ್ಮೈತಿ" ಎಂದರು ಕೊನೆಗೆ. "ಬಿಟ್ಟ ಬರೂಣ ನಡಿ."

"ನಾಳೆ ಮಿರಗ, ಅತ್ತೆ."

"ನನ್ನಂಗ ಉಸಿರಿಗೆ ಬಾಯಿ ತೆಗ್ಯೂದನ್ನ ನಾ ಹೆಂಗ ತಿನ್ನಲಿ?"

ಬಕೆಟಿನಲ್ಲಿ ಅರ್ಧ ನೀರು ಹಾಕಿ ಮೀನು ಹೊತ್ತೆ. ಅತ್ತೆ ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿದರು. ನೀರಿನ ಅಂಚಿನಲ್ಲಿ ಕೂತು ತಾವೇ ಬಕೆಟು ಓರೆ ಮಾಡಿದರು. "ಹೋಗವ್ವ. ನಿನ್ನ ಮಕ್ಕಳನ್ನ ಬಿಟ್ಟೀನಿ, ಈ ಮಳಿ ದಾಟೂತನ ನನ್ನ ಉಸಿರ ನನಗ ಬಿಡು." ಕೆಂಪು ಮುದ್ದೆ ಮೂಲೆಯ ಕಂಬದ ಬಳಿ ತೆಳ್ಳಗಾಗಿ ಚದುರಿತ್ತು. ಮೀನು ಕಪ್ಪಿನಲ್ಲಿ ಮಾಯವಾಯಿತು. ನಾವು ಕಾದೆವು. ಮೂಲೆಯಲ್ಲಿ ಒಂದು ಸಲ ಗುಳುಂ ಎಂದಿತು, ಆಮೇಲೆ ಅದರ ಪಕ್ಕದಲ್ಲೇ ಇನ್ನೊಂದು ಸಲ. ಕೆಂಪು ಮೆಲ್ಲಗೆ ಕೂಡಿಕೊಂಡಿತು. ಮರುದಿನ ಅತ್ತೆ ಮೊದಲ ಬಾರಿಗೆ ಬೆಲ್ಲದಲ್ಲಿ ಇಂಗು ನುಂಗಿ, ಮುಖ ಹಿಂಡಿಕೊಂಡು, ಬ್ರಾಹ್ಮಣರ ಪಾಡು ಯಾರಿಗೂ ಬ್ಯಾಡ ಎಂದರು.

ಆಮೇಲೆ ನಡೆದದ್ದನ್ನು ನಾನು ಯಾರಿಗೂ ನಂಬಿಸಲು ಹೋಗುವುದಿಲ್ಲ. ಆ ಮಳೆಗಾಲ ಅತ್ತೆಗೆ ದಮ್ಮು ಬರಲೇ ಇಲ್ಲ. ಸೀಟಿ ಇಲ್ಲ, ಗೊರಗೊರ ಇಲ್ಲ. ಅವರು ಎಷ್ಟು ಸದ್ದಿಲ್ಲದೆ ಮಲಗುತ್ತಿದ್ದರೆಂದರೆ ನಾನು ಹೋಗಿ ಮೂಗಿನ ಬಳಿ ಬೆರಳು ಹಿಡಿದು ನೋಡುತ್ತಿದ್ದೆ. ಮನೆಯಲ್ಲಿ ಕೇಳುತ್ತಿದ್ದದ್ದು ಬಚ್ಚಲಿನ ಕಿಟಕಿಯಿಂದ ಬರುತ್ತಿದ್ದ ಉಸಿರು ಮಾತ್ರ. ಗಂಡನಿಗೆ ಕೇಳಿಸುತ್ತದೆಯೇ ಎಂದು ಕೇಳಿದೆ, ಪೈಪಿನ ಸದ್ದು ಎಂದರು. ಅಪಾರ್ಟ್‌ಮೆಂಟಿನ ಸೆಕ್ರೆಟರಿ ಪಂಪು ಹಚ್ಚುತ್ತೇನೆಂದು ಬಂದಾಗಲೆಲ್ಲ ಅತ್ತೆ ಬಾಗಿಲಲ್ಲಿ ನಿಂತು, "ಕೆರಿ ಬಂದ್ ಇರೂತನ ಸೆಲ್ಲಾರೂ ಬಂದ್" ಎಂದು ಗದರಿಸಿ ಕಳಿಸುತ್ತಿದ್ದರು. ಖರ್ಚು ಯಾರು ಕೊಡಬೇಕೆಂದು ಅವರವರಲ್ಲೇ ಜಗಳವಿದ್ದುದರಿಂದ ಆತನೂ ಸುಮ್ಮನಾಗುತ್ತಿದ್ದ.

ಮಳೆ ಹಿಂದೆ ಸರಿಯಿತು. ಕೆರೆ ತೆರೆದ ದಿನ ಮೀನಿನವಳು ಬಂದಳು. ಈ ಸಲ ಮರಿ ಕಂಡಿವೆ, ಮೈದುನ ಮಾತಾಡಿದ ಎಂದಳು. ಅತ್ತೆಗೆಂದೇ ಜೀವಂತ ಕೊರ್ರಮೀನು ತಂದಿದ್ದಳು, ಅತ್ತೆ ಮುಟ್ಟಲಿಲ್ಲ.

ದಸರೆಗೆ ಗಾಡಿಗಳನ್ನು ತೊಳೆದು ಪೂಜೆ ಮಾಡಲು ಜಾಗ ಬೇಕೆಂದು ಕೊನೆಗೂ ಪಂಪು ಹಚ್ಚಿದರು. ನಾನು ಆಫೀಸಿನ ಕ್ಯಾಬಿನಿಂದ ಇಳಿಯುವಾಗಲೇ ನೀರು ಬೀದಿಗೆ ಬಂದು ಹರಿದುಹೋಗಿತ್ತು. ಸೆಲ್ಲಾರಿಗೆ ಓಡಿದೆ. ಕೆಸರು, ಪ್ಲಾಸ್ಟಿಕ್ ಚೀಲ, ಒಂಟಿ ಚಪ್ಪಲಿ. ಒಂದು ಮೀನಿಲ್ಲ, ಮರಿಯಿಲ್ಲ, ಹುರುಪೆಯೂ ಇಲ್ಲ. ಯಾರೂ ಹಿಡಿದಿಲ್ಲ, ಏನೂ ಇರಲೇ ಇಲ್ಲ ಎಂದು ವಾಚ್‌ಮನ್ ತಾಯಾಣೆ ಹಾಕಿದ.

ಮೇಲೆ ಬಂದು ಬಾಗಿಲು ತೆಗೆದರೆ ಅತ್ತೆ ಮಂಚದ ಮೇಲೆ ನೆಟ್ಟಗೆ ಕೂತಿದ್ದರು. ಸೀಟಿ ಶುರುವಾಗಿತ್ತು.

"ಮಳಿ ದಾಟಿಸಿ ಹೋತು ನೋಡು" ಎಂದರು, ನಗುತ್ತ. "ಮಾತಿಗೆ ತಪ್ಪಲಿಲ್ಲ."

ಆ ಚಳಿಗಾಲದಲ್ಲಿ ಅತ್ತೆ ಹೋದರು. ಆಸ್ಪತ್ರೆಯಲ್ಲಿ ಆಕ್ಸಿಜನ್ ಮಾಸ್ಕು ಕಟ್ಟಿದ್ದರು. ಅವರು ಅದಕ್ಕೆ ಬೆರಳಿನಿಂದ ಬಡಿದರು, ಒಂದು ಸಲ, ತುಸು ಬಿಟ್ಟು ಇನ್ನೊಂದು ಸಲ. "ಮುಚ್ಚಳ ತೆಗಿ ಯವ್ವಾ" ಎಂದರು. ನರ್ಸು ಬಡಬಡಿಸುತ್ತಿದ್ದಾರೆ ಎಂದಳು. ನನಗೆ ಗೊತ್ತಿತ್ತು ಅದು ಬಡಬಡಿಕೆಯಲ್ಲ ಎಂದು. ಆದರೆ ತೆಗೆಯುವ ಹಾಗಿರಲಿಲ್ಲ, ಅವರ ಉಸಿರಿದ್ದದ್ದೇ ಅದರೊಳಗೆ. ಬಡಿತ ಮೆಲ್ಲಗಾಯಿತು, ಆಮೇಲೆ ಇನ್ನೂ ಮೆಲ್ಲಗಾಯಿತು. ನಾನು ಅವರ ಕೈ ಹಿಡಿದುಕೊಂಡು ಕೂತಿದ್ದೆ.

ಮಿರಗಕ್ಕೆ ಮೀನು ತಿನ್ನದೇ ಹೀಗಾಯಿತು ಎಂದು ನೆಂಟರು ಆಡಿಕೊಂಡರು. ಆ ಮನೆ ಬಿಟ್ಟು ಬೇರೆ ಮನೆಗೆ ಬಂದೆವು, ಇಲ್ಲಿಂದ ಯಾವ ಕೆರೆಯೂ ಕಾಣುವುದಿಲ್ಲ. ನೀಲಿ ಡ್ರಮ್ಮು ಇಲ್ಲಿಯ ಬಚ್ಚಲಿನಲ್ಲೂ ಇದೆ. ಸೊಳ್ಳೆ ಆಗುತ್ತವೆ, ಮುಚ್ಚಳ ಹಾಕೇ ಎಂದು ಗಂಡ ದಿನವೂ ಬೈಯುತ್ತಾರೆ. ನಾನು ಹಾಕುವುದಿಲ್ಲ.