ಹೆಸರು ಹೇಳಿಸಿದ ಗಿಜೆಲಾ

ಪೂರ್ವ ಸ್ಲೋವಾಕಿಯಾದ ಆ ಊರಿನಲ್ಲಿ ಹಳ್ಳದ ಈಚೆ ಶಾಲೆ, ಆಚೆ ರೋಮಾ ಜನರ ಕೇರಿ. ನಡುವಿನ ಕಾಲುಸೇತುವೆಯನ್ನು ಗಿಜೆಲಾಳಷ್ಟು ಸವೆಸಿದವರು ಬೇರೆ ಯಾರೂ ಇಲ್ಲ. ಮನೆಗೂ ಶಾಲೆಗೂ ನಂಟು ಬೆಸೆಯುವುದೇ ಅವಳ ಕೆಲಸ. ನಂಟೆಂದರೆ ಇಷ್ಟೇ: ಮಕ್ಕಳ ತಲೆಯ ಹೇನಿನ ದೂರನ್ನು ಕೇರಿಗೆ ಒಯ್ಯುವುದು, ಕೇರಿಯ ಬೈಗುಳವನ್ನು ಶಾಲೆಗೆ ತರುವುದು. ಎರಡೂ ಕಡೆ ಬೈಸಿಕೊಂಡು ಗಟ್ಟಿಯಾದ ಹೆಂಗಸು.

ಶಾಲೆಯ ಹಿಂದೆ ಇನ್ನೊಂದು ಕಟ್ಟಡವಿದೆ. ಬುದ್ಧಿ ಬೆಳೆಯದ ಮಕ್ಕಳಿಗೆಂದು ಕಟ್ಟಿದ್ದು. ತುಂಬಿರುವುದು ಮಾತ್ರ ಕೇರಿಯ ಮಕ್ಕಳೇ. ಒಂದನೇ ತರಗತಿಗೆ ಸೇರುವ ಮುನ್ನ ನಡೆಯುವ ಪರೀಕ್ಷೆಯಲ್ಲಿ ಬಾಯಿ ಬಿಡದ ಮಗು ನೇರ ಅಲ್ಲಿಗೆ. ಅಲ್ಲಿಂದ ಯಾರೂ ಈ ಕಡೆಗೆ ಮರಳಿದ್ದಿಲ್ಲ. ಕೇರಿಯವಳೇ ಆದ ಗಿಜೆಲಾ ಚಿಕ್ಕವಳಿದ್ದಾಗ ಮನೆಮಾತಿನಲ್ಲಿ ಉತ್ತರ ಕೊಟ್ಟಳೆಂದು ಅವಳನ್ನೂ ಅಲ್ಲಿಗೆ ತಳ್ಳಿದ್ದರು. ಬಾಲ್ಯವೆಲ್ಲ ಕಾಗದದ ಹೂವು ಅಂಟಿಸುವುದರಲ್ಲೇ ಮುಗಿಯಿತು. ಆ ಸಿಟ್ಟು ಅವಳಲ್ಲಿ ಇನ್ನೂ ಆರಿರಲಿಲ್ಲ.

ಹಾಗಾಗಿಯೇ ಈ ಚಳಿಗಾಲವಿಡೀ ಪಕ್ಕದ ಮನೆಯ ರೆಬೇಕಾಳನ್ನು ಕೂರಿಸಿಕೊಂಡು ಸ್ಲೋವಾಕ್ ಮಾತು ಕಲಿಸಿದ್ದಳು. ಚುರುಕು ಹುಡುಗಿ, ಹೇಳಿದ್ದು ಬಿಡುತ್ತಿರಲಿಲ್ಲ. ಆದರೆ ಪರೀಕ್ಷೆ ಇನ್ನೇನು ಬಂತೆನ್ನುವಾಗ ಅವಳಪ್ಪ ದೂರದೂರಿನಲ್ಲಿ ಕಟ್ಟಡದ ಸಾರುವೆಯಿಂದ ಬಿದ್ದು ಸತ್ತ. ಮಣ್ಣು ಮಾಡಿದ ಮೇಲೆ ಸತ್ತವರ ಹೆಸರನ್ನು ಕೇರಿಯಲ್ಲಿ ಯಾರೂ ಎತ್ತುವುದಿಲ್ಲ. ಹೆಸರು ಹಿಡಿದು ಕರೆದರೆ ಬರುತ್ತಾರೆ, ಬಂದವರು ಬರಿಗೈಲಿ ಹೋಗುವುದಿಲ್ಲ.

"ಏನೇ ಗಿಜೆಲಾ, ಮಣ್ಣಿನ್ನೂ ಹಸಿ ಐತೆ. ಈಗ್ಲೇ ಮಗೂನ ಆ ಬಿಳಿಯರ ಮುಂದೆ ಕೂರಿಸ್ಬೇಕಾ?" ಎಂದಳು ರೆಬೇಕಾಳ ಅಜ್ಜಿ ಈಲೋನಾ, ಬಾಗಿಲಿಗೆ ಅಡ್ಡ ನಿಂತು.

"ಇವತ್ತು ತಪ್ಪಿಸಿದ್ರೆ ಹಿಂದಿನ ಕಟ್ಟಡಕ್ಕೇ ಹಾಕ್ತಾರೆ ಅತ್ತೆ. ನಾನೊಬ್ಳು ಅಲ್ಲಿ ಕೊಳೆತಿದ್ದು ಸಾಲ್ದಾ?"

"ಅವನ ಹೆಸರು ಕೇಳಿದ್ರೆ?"

"ಚಿತ್ರ ತೋರಿಸ್ತಾರೆ, ಮಣಿ ಎಣಿಸು ಅಂತಾರೆ. ಹೆಸರುಗಿಸರು ಯಾರ್ ಕೇಳ್ತಾರೆ?"

ಕೇಳುತ್ತಾರೆಂದು ಅವಳಿಗೆ ಗೊತ್ತಿತ್ತು. ವರ್ಷವರ್ಷವೂ ಕೇಳುತ್ತಾರೆ. ಸೇತುವೆ ದಾಟುವಾಗ ರೆಬೇಕಾ ಅವಳ ಕೈಯನ್ನು ಬಿಗಿಯಾಗಿ ಹಿಡಿದಿದ್ದಳು.

ಪರೀಕ್ಷೆಯ ಕೋಣೆಗೆ ಮನೆಯ ಕಡೆಯವರನ್ನು ಬಿಡುವುದಿಲ್ಲ. ಗಿಜೆಲಾ ಹೊರಗಿನ ಬೆಂಚಿನ ಮೇಲೆ ಕೂತು ಕಿವಿಗೊಟ್ಟಳು. ಬಣ್ಣ ಹೇಳಿದಳು ಹುಡುಗಿ, ಮಣಿ ಎಣಿಸಿದಳು, ಹಸುವಿಗೆ ಹಸು ಎಂದಳು. ಆಮೇಲೆ ಒಳಗೆ ಸದ್ದೇ ಇಲ್ಲ. ಪರೀಕ್ಷೆ ನಡೆಸುವ ಮೇಡಂ ಬಾಗಿಲು ತೆರೆದು ಇಣುಕಿದರು.

"ಗಿಜೆಲಾ, ಈ ಮಗೂಗೆ ಅಪ್ಪನ ಹೆಸರೂ ಗೊತ್ತಿಲ್ವಾ? ಎಷ್ಟು ಕೇಳಿದ್ರೂ ನೆಲ ನೋಡ್ತಾಳೆ."

"ಗೊತ್ತು ಮೇಡಂ. ಮೊನ್ನೆ ತೀರ್ಕೊಂಡ್ರು. ಸತ್ತೋರ ಹೆಸರು ಹೇಳ್ಬಾರ್ದು ನಮ್ಮಲ್ಲಿ."

"ಅಯ್ಯೋ, ಪಾಪ." ಮೇಡಂ ಕೆಟ್ಟವರಲ್ಲ, ನಿಜಕ್ಕೂ ನೊಂದುಕೊಂಡರು. "ಆದ್ರೆ ಅವಳೇ ಹೇಳ್ಬೇಕಲ್ಲ? ಇಲ್ಲಾಂದ್ರೆ ಗೊತ್ತಿಲ್ಲ ಅಂತ್ಲೇ ಬರೀಬೇಕಾಗುತ್ತೆ."

ಕಿಟಕಿಯಾಚೆ ಹಿಂದಿನ ಕಟ್ಟಡ ಕಾಣುತ್ತಿತ್ತು. ಗಾಜಿಗೆ ಕಾಗದದ ಹೂವು ಅಂಟಿಸಿದ್ದರು. ಮೇಡಂ ಸರಿದು ದಾರಿ ಬಿಟ್ಟಾಗ ಗಿಜೆಲಾ ಒಳಗೆ ಹೋಗಿ, ಹುಡುಗಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಮನೆಮಾತಿನಲ್ಲಿ ಪಿಸುಗುಟ್ಟಿದಳು.

"ಹೇಳ್ಬಿಡು ಪುಟ್ಟಿ."

"ಅಜ್ಜಿ ಬೇಡ ಅಂದವ್ಳೆ."

"ನಾನಿದೀನಲ್ಲ, ಹೇಳು."

ರೆಬೇಕಾ ಅವಳ ಮುಖವನ್ನು ದಿಟ್ಟಿಸಿದಳು. ಹುಡುಗಿಯ ಕಣ್ಣು ಅರಳಿತು. ಉತ್ತರ ಹೇಳುವ ಹಾಗೆ ಹೇಳಲಿಲ್ಲ ಅವಳು. ಊಟಕ್ಕೆ ಕರೆಯುವಾಗ ಅಂಗಳದಲ್ಲಿ ನಿಂತು ಕೂಗುವ ಹಾಗೆ, ಗಂಟಲು ಬಿಟ್ಟು ಕೂಗಿದಳು.

"ಮರೋಷ್! ಮರೋಷ್!"

ಮೇಡಂ ನಕ್ಕು ಚಪ್ಪಾಳೆ ತಟ್ಟಿದರು. ಒಂದನೇ ತರಗತಿಯಲ್ಲಿ ಜಾಗ ಸಿಕ್ಕಿತು. ಇಡೀ ಚಳಿಗಾಲ ಬೇಡಿಕೊಂಡದ್ದು ಕೈಗೆ ಬಂದಿತ್ತು, ಗಿಜೆಲಾಳ ಮೈ ಮಾತ್ರ ತಣ್ಣಗಾಗಿತ್ತು. ಮರಳುವಾಗ ಹುಡುಗಿ ಅವಳ ಕೈ ಹಿಡಿಯಲಿಲ್ಲ. ಸೇತುವೆಯ ಮೇಲೆ ಒತ್ತಟ್ಟಿಗೆ ಸರಿದು, ಹಿಂದಿನಿಂದ ಇನ್ನೊಬ್ಬರು ಬರುವಷ್ಟು ಜಾಗ ಬಿಟ್ಟು ನಡೆದಳು. ಆಗಾಗ ಹಿಂತಿರುಗಿ ನೋಡಿ ನಗುತ್ತಿದ್ದಳು. ಗಿಜೆಲಾ ಒಮ್ಮೆಯೂ ತಿರುಗಲಿಲ್ಲ.

ಈಲೋನಾ ಮೊಮ್ಮಗಳನ್ನು ಒಳಗೆಳೆದುಕೊಂಡು ಬಾಗಿಲಿಗೆ ಕೈ ಹಾಕಿದಳು.

"ಮುಚ್ಬೇಡ ಅಜ್ಜಿ! ಅಪ್ಪ ಹಿಂದೆ ಬರ್ತಾವ್ನೆ. ಗಿಜೆಲಕ್ಕ ನನ್ ಕೈಲಿ ಕರೆಸಿದ್ಳು."

ಮುದುಕಿ ಗಿಜೆಲಾಳನ್ನು ನೋಡಿದಳು. ಬೈಯಲಿಲ್ಲ, ಬಾಗಿಲು ಹಾಕಿ ಅಗುಳಿ ಜಡಿದಳು. ಗಿಜೆಲಾ ಮೆಟ್ಟಿಲ ಮೇಲೆ ನಿಂತೇ ಇದ್ದಳು. ಅಪ್ಪನನ್ನು ಒಳಗೆ ಬಿಡಿರೆಂದು ಹುಡುಗಿ ಒಳಗಿನಿಂದ ಬಾಗಿಲು ಬಡಿಯುತ್ತಿದ್ದಳು.